ಕೊಡಸಿಗದ ಕಹಿ

ಕೊಡಚಾದ್ರಿಯನ್ನು ನಿಮ್ಮಲ್ಲಿ ಬಹಳ ಮಂದಿ ಹತ್ತಿದ್ದೀರಿ. ಜೀಪಿನಲ್ಲಿ ಕುಲುಕುತ್ತ ಹೋದವರಿದ್ದೀರಿ, ಹಿಡ್ಲುಮನೆ ಜಲಪಾತದ ಕಡೆಯಿಂದ ಬಂಡೆ ಹಿಡಿದು ಏರಿದವರೂ ಇದ್ದೀರಿ. ಆ ಬೆಟ್ಟದ ಹೆಸರನ್ನು ಒಮ್ಮೆ ಬಿಡಿಸಿ ನೋಡೋಣ. ಸಂಸ್ಕೃತದಲ್ಲಿ ಅದನ್ನು ಕುಟಜಾದ್ರಿ ಎನ್ನುತ್ತಾರೆ. ಕುಟಜವೆಂದರೆ ನಮ್ಮ ಕೊಡಸಿಗ. ಬೇಸಗೆಯ ಕೊನೆಗೆ ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಡುವ, ಗೀರಿದರೆ ಹಾಲು ಸುರಿಯುವ ಸಣ್ಣ ಮರ. ಒಂದು ಮದ್ದಿನ ಮರದ ಹೆಸರು ಹೊತ್ತು 1343 ಮೀಟರ್ ಎತ್ತರಕ್ಕೆ ನಿಂತ ಬೆಟ್ಟ ನಮ್ಮ ಹೊಸನಗರ ತಾಲೂಕಿನಲ್ಲಿದೆ. ಮಲೆನಾಡಿನ ಬುಡಕಟ್ಟುಗಳ ಮದ್ದಿನ ಅರಿವಿನ ಬಗ್ಗೆ ಮಾತನಾಡಬೇಕೆಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಈ ಮರ.

ಕೊಡಸಿಗದ ಹೂವನ್ನು ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡು, ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ತುಪ್ಪದಲ್ಲಿ ಹುರಿದು ಅರೆದು ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡುವ ಮನೆಗಳು ಇಲ್ಲಿ ಕುಳಿತವರಲ್ಲಿ ಹಲವರವು. ಆಮಶಂಕೆ ಜೋರಾದರೆ ಚಕ್ಕೆಯ ಕಷಾಯ. ಈ ಚಕ್ಕೆಯಲ್ಲಿ ಕೊನೆಸ್ಸಿನ್ ಎಂಬ ಆಲ್ಕಲಾಯ್ಡ್ ಇದೆ, ಆಮಶಂಕೆ ತರುವ ಅಮೀಬಾದ ಮೇಲೆ ಅದು ಕೆಲಸ ಮಾಡುತ್ತದೆ. ಯುರೋಪಿನ ವ್ಯಾಪಾರಿಗಳು ಇದರ ಗುಣ ತಿಳಿದು 'ತಲಚೇರಿ ಚಕ್ಕೆ' ಎಂಬ ಹೆಸರಿನಲ್ಲಿ ಹಡಗಿಗೇರಿಸಿದರು. ಕೆಲವು ಕಾಲ ಅಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು, ಆಮೇಲೆ ಕೆಟ್ಟಿತು. ಕುಡಿದವರಿಗೆ ಗುಣ ಕಾಣಲಿಲ್ಲ. ಕಾರಣ ಮದ್ದಿನಲ್ಲಿರಲಿಲ್ಲ, ಮೂಟೆಯಲ್ಲಿತ್ತು. ಕೊಡಸಿಗದ ಹತ್ತಿರದ ನೆಂಟ ಬೆಪ್ಪಾಲೆ ಎಂಬ ಇನ್ನೊಂದು ಮರವಿದೆ. ಅದಕ್ಕೂ ಹಾಲು, ಅದಕ್ಕೂ ಬಿಳಿ ಹೂವು, ಅದಕ್ಕೂ ಜೋಡಿಕೋಡು. ಅದರ ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದರು, ಆದರೆ ಆಮಶಂಕೆಗೆ ಅದು ಕೊಡಸಿಗದಂತೆ ಕೆಲಸಕ್ಕೆ ಬರುವುದಿಲ್ಲ. ಬಂದರಿನ ಮೂಟೆಗಳಲ್ಲಿ ಎರಡರ ಚಕ್ಕೆಯೂ ಬೆರೆತಿತ್ತು.

ಗಿಡಗಳ ಪಾಠ ಹೇಳಿಯೇ ಬದುಕಿದವನು ನಾನು. ಇವೆರಡನ್ನು ಬೇರ್ಪಡಿಸಲು ಹೂವಿನ ದಳ, ಕೇಸರ ಎಂದು ಹತ್ತು ಲಕ್ಷಣ ಬರೆಸುತ್ತಿದ್ದೆ. ಹೂವಿಲ್ಲದ ಕಾಲದಲ್ಲಿ ನನ್ನ ವಿದ್ಯಾರ್ಥಿಗಳು ಮರದ ಕೆಳಗೆ ನಿಂತು ತಬ್ಬಿಬ್ಬಾಗುತ್ತಿದ್ದರು. ಹೊಸನಗರದ ಕಡೆಯ, ಹಸಲರು ಎಂಬ ಬುಡಕಟ್ಟಿನ ಒಬ್ಬ ಅಜ್ಜಿ ನನಗೆ ಅದನ್ನು ಅರೆ ನಿಮಿಷದಲ್ಲಿ ಕಲಿಸಿದರು. ಎಳೆಯ ಕೋಡುಗಳ ತುದಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಬೆಪ್ಪಾಲೆ, ಬೇರೆ ಬೇರೆ ತೂಗುತ್ತಿದ್ದರೆ ಕೊಡಸಿಗ. ಅನುಮಾನ ಉಳಿದರೆ ಬೀಜ ಅಗಿದು ನೋಡಬೇಕು. ಅವರು ಎರಡು ಬೀಜ ನನ್ನ ಅಂಗೈಗೆ ಹಾಕಿದರು. ಒಂದು ಸಪ್ಪೆಯಾಗಿ ತುಸು ಸಿಹಿಯ ಕಡೆಗಿತ್ತು. ಇನ್ನೊಂದರ ಕಹಿ ಮಧ್ಯಾಹ್ನದ ಊಟದವರೆಗೂ ನಾಲಿಗೆ ಬಿಟ್ಟು ಹೋಗಲಿಲ್ಲ. "ಕಹಿಯಾದದ್ದೇ ಮದ್ದು, ಮೇಷ್ಟರೇ. ನೀವು ಕಣ್ಣಿನಲ್ಲಿ ಮಾತ್ರ ನೋಡುತ್ತೀರಿ" ಎಂದರು.

ಯಾವ ರೋಗಕ್ಕೆ ಯಾವ ಸೊಪ್ಪು ಎನ್ನುವ ಪಟ್ಟಿಯನ್ನೇ ನಾವು ಬುಡಕಟ್ಟು ಜನರ ವೈದ್ಯವೆಂದು ತಿಳಿದುಕೊಂಡಿದ್ದೇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಈ ಜಿಲ್ಲೆಯ ನಾಟಿ ವೈದ್ಯರ ಗಿಡಗಳ ಬಗ್ಗೆ ಶ್ರಮಪಟ್ಟು ಸಮೀಕ್ಷೆ ಮಾಡಿದ್ದಾರೆ, ಆ ಕೆಲಸ ಬಹಳ ಬೆಲೆಯುಳ್ಳದ್ದು. ಆದರೆ ಪಟ್ಟಿ ಎಷ್ಟು ಉದ್ದವಾದರೂ ಅದರಲ್ಲಿ ಅಜ್ಜಿಯ ನಾಲಿಗೆ ಇರುವುದಿಲ್ಲ. ಒಂದರಂತಿರುವ ಎರಡರಲ್ಲಿ ಸರಿಯಾದದ್ದನ್ನು ಆರಿಸುವುದು, ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬೇಕು, ಎಷ್ಟನ್ನು ಗಿಡಕ್ಕೇ ಬಿಟ್ಟು ಬರಬೇಕು ಎನ್ನುವ ವಿವೇಕವೇ ನಿಜವಾದ ಅರಿವು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಹಸಲರು ಎಂದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಇವರು ಹೊಸಬರಲ್ಲ, ಘಟ್ಟದ ಅಂಚಿನ ಚಿಕ್ಕಮಗಳೂರು ಸೀಮೆಯಲ್ಲೂ ಇದ್ದಾರೆ. ಪರಿಶಿಷ್ಟ ಪಂಗಡದವರು. ಕುದುರೆಮುಖದ ಕಡೆ ಮಲೆಕುಡಿಯರು, ಚಿಕ್ಕಮಗಳೂರಿನಲ್ಲಿ ಗೌಡಲು, ಭಟ್ಕಳದ ಕಡೆ ಗೊಂಡರು, ಶಿವಮೊಗ್ಗದ ಮಗ್ಗುಲಲ್ಲೇ ಸದಾಶಿವಪುರದ ಹಕ್ಕಿಪಿಕ್ಕಿಗಳು. ಒಬ್ಬೊಬ್ಬರ ಮದ್ದೂ ಬೇರೆ, ಕಾಡೂ ಬೇರೆ. ಹಸಲರನ್ನು ನಮ್ಮ ಊರುಗಳು ಅಡಿಕೆ ತೋಟದ ಕೂಲಿಯವರೆಂದೇ ಗುರುತಿಸಿಕೊಂಡು ಬಂದವು. ಮಗುವಿಗೆ ರಾತ್ರಿ ಜ್ವರ ಏರಿದಾಗ, ತೋಟದಲ್ಲಿ ಜಾರಿ ಬಿದ್ದವನ ಕೈ ಮುರಿದಾಗ ಅದೇ ಕೇರಿಗೆ ಲಾಟೀನು ಹಿಡಿದು ಹೋದ ಮನೆಗಳು ಬೆಳಗಾದ ಮೇಲೆ ಅವರನ್ನು ವೈದ್ಯರೆಂದು ಕರೆಯಲಿಲ್ಲ. ಇದನ್ನು ನಾನು ಹೇಳಲೇಬೇಕು, ಏಕೆಂದರೆ ಅಂಥ ಮನೆಗಳಲ್ಲಿ ನಮ್ಮದೂ ಒಂದು.

ಅಜ್ಜಿಯ ಜೊತೆ ನಾನು ಕಾಡಿಗೆ ಹೋಗತೊಡಗಿದ್ದು ಸುಮಾರು 20 ವರ್ಷಗಳ ಹಿಂದೆ. ಮೊದಲ ದಿನವೇ ಒಂದು ಪೇಚಾಯಿತು. ಏಕನಾಯಕನ ಬೇರು ತರಲು ಹೊರಟಿದ್ದೆವು. ಸಿಹಿಮೂತ್ರಕ್ಕೆ ಕೊಡುವ ಬೇರು ಅದು. ಮರಗಳ ಮೇಲೆ ಹಬ್ಬುವ ಗಟ್ಟಿ ಹಂಬು, ಹಣ್ಣಾದರೆ ಕೆಂಪು ಬಣ್ಣ. ಅದರ ಬುಡಕ್ಕೆ ಹೋದೆವು, ಅಜ್ಜಿ ಸೆರಗಿನಿಂದ ಒಂದು ದಾರ ತೆಗೆದು ಹಂಬಿಗೆ ಕಟ್ಟಿದರು, ನಾಲ್ಕು ಕಾಳು ಅಕ್ಕಿ ಹಾಕಿ ಕೈಮುಗಿದರು, ತಿರುಗಿ ಮನೆಯ ಕಡೆ ನಡೆದರು. ಬೇರು ಕೀಳುವುದು ನಾಳೆ ಬೆಳಿಗ್ಗೆ, ಅದೂ ಯಾರೊಂದಿಗೂ ಮಾತನಾಡದೆ ಬಂದು. ನಾನು ಎರಡು ಬಸ್ ಬದಲಿಸಿ ಹೋಗಿದ್ದೆ. ಸಿಟ್ಟು ಬಂತು. ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ದಾರ, ಅಕ್ಕಿ, ಮೌನ ಮೂರನ್ನೂ 'ಆಚರಣೆಗಳು' ಎಂಬ ಕಾಲಂನಲ್ಲಿ ಬರೆದು ಬದಿಗಿಟ್ಟಿದ್ದೇನೆ. ಮದ್ದಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಧೈರ್ಯ ಆಗ ನನಗಿತ್ತು.

ಆ ದಾರ ಏನು ಮಾಡುತ್ತದೆ ಎಂಬುದು ಅರ್ಥವಾಗಲು ಹಲವು ವರ್ಷ ಹಿಡಿಯಿತು. ಹಿಂದಿನ ದಿನ ಹಗಲು ಬೆಳಕಿನಲ್ಲಿ, ಅವಸರವಿಲ್ಲದೆ ಗಿಡವನ್ನು ಗುರುತಿಸಬೇಕಾಗುತ್ತದೆ. ರೋಗಿ ಬಂದು ಕೇಳಿದ ಹೊತ್ತಿಗೂ ಬೇರು ಕೀಳುವ ಹೊತ್ತಿಗೂ ನಡುವೆ ಒಂದು ರಾತ್ರಿ ಕಳೆಯುತ್ತದೆ, ಅಷ್ಟರಲ್ಲಿ ಕಾಯಿಲೆಯ ನಡೆ ಸ್ವಲ್ಪ ತಿಳಿಯುತ್ತದೆ. ದಾರ ಕಟ್ಟಿದ ಒಂದೇ ಗಿಡದಿಂದ ತೆಗೆಯಬೇಕು, ಪಕ್ಕದ್ದನ್ನು ಮುಟ್ಟುವಂತಿಲ್ಲ. ಮಾತನಾಡದೆ ಹೋಗಬೇಕಾದ್ದರಿಂದ ಹಿಂದೆ ಗುಂಪು ಕಟ್ಟಿಕೊಂಡು ಹೋಗಲು ಬರುವುದಿಲ್ಲ. ಅಜ್ಜಿ ಇದನ್ನು ಹೀಗೆ ವಿವರಿಸಿದವರಲ್ಲ, ಅವರಿಗೆ ಅದು ಗಿಡದ ಒಪ್ಪಿಗೆ ಕೇಳುವ ಕ್ರಮ. ಉಳಿದದ್ದು ನನ್ನ ಓದು. ಆದರೆ ಅಷ್ಟು ವರ್ಷ ಆ ಕೇರಿಯವರು ಬೇರು ತೆಗೆದರೂ ಆ ಹಂಬುಗಳು ಅಲ್ಲೇ ಇದ್ದವು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ತಾಯಿಬೇರಿಗೆ ಕೈ ಹಾಕುತ್ತಿರಲಿಲ್ಲ. ಬದಿಯ ಬೇರನ್ನು ಗೇಣುದ್ದ ಕಡಿದುಕೊಂಡು, ಮಣ್ಣು ಮುಚ್ಚಿ, ಮೇಲೆ ತರಗೆಲೆ ಎಳೆದು ಬರುತ್ತಿದ್ದರು.

ಚಕ್ಕೆಯ ವಿಷಯವೂ ಹೀಗೆಯೇ. ಮರದ ಒಂದು ಮಗ್ಗುಲಿನಿಂದ ಅಂಗೈಯಗಲ ಮಾತ್ರ ಕೆತ್ತುತ್ತಿದ್ದರು, ಗಾಯಕ್ಕೆ ಸೆಗಣಿ ಮಣ್ಣು ಮೆತ್ತುತ್ತಿದ್ದರು. ಇಲ್ಲಿರುವ ವಿದ್ಯಾರ್ಥಿಗಳಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಬಳೆಯಂತೆ ತೊಗಟೆ ಸುಲಿದರೆ ಆ ದಾರಿ ತುಂಡಾಗಿ ಬೇರು ಉಪವಾಸ ಬಿದ್ದು ಮರ ಒಣಗುತ್ತದೆ. ಒಂದು ಮಗ್ಗುಲು ಮಾತ್ರ ಕೆತ್ತಿದರೆ ಅಂಚಿನಿಂದ ತುಟಿ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಮುಂದೆ ಕಾಡಿಗೆ ಹೋದಾಗ ದೊಡ್ಡ ಮರಗಳ ಬುಡ ನೋಡಿ. ತುಟಿ ಮುಚ್ಚಿದ ಹಳೆಯ ಗಾಯ ಕಂಡರೆ ಅಲ್ಲಿಗೆ ಯಾರೋ ತಿಳಿದವರು ಬಂದಿದ್ದರು ಎಂದು ಓದಿಕೊಳ್ಳಬಹುದು. ಸುತ್ತ ಸುಲಿದು ಬೆಳ್ಳಗೆ ನಿಂತ ಮರ ಕಂಡರೆ ಬಂದವನು ಕಿಲೋ ಲೆಕ್ಕದವನು.

ಇನ್ನು ಮದ್ದು ಮಾಡುವ ಬಗೆ. ನೆಲನೆಲ್ಲಿ ಗೊತ್ತಲ್ಲ, ತೋಟದ ಬದುವಿನಲ್ಲಿ ಮಳೆಗಾಲಕ್ಕೆ ತಾನಾಗಿ ಏಳುವ ಗೇಣೆತ್ತರದ ಗಿಡ, ಎಲೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಕಾಯಿ. ಕಾಮಾಲೆಗೆ ಮಲೆನಾಡಿನಲ್ಲೆಲ್ಲ ಇದೇ ಮೊದಲ ಮದ್ದು. ಅದನ್ನು ಬೇರು ಸಮೇತ ಹಸಿಯಾಗಿಯೇ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಬರಿಹೊಟ್ಟೆಗೆ ಕೊಡುತ್ತಾರೆ. ಕಷಾಯ ಮಾಡಬಾರದೇ ಎಂದು ಕೇಳಿದ್ದೆ. "ಕುದಿಸಿದರೆ ಅದು ಸತ್ತು ಹೋಗುತ್ತದೆ" ಎಂದರು ಅಜ್ಜಿ. ಅದೇ ಕೊಡಸಿಗದ ಚಕ್ಕೆಯನ್ನು ಎಂಟು ಪಾಲು ನೀರು ಒಂದು ಪಾಲಿಗೆ ಇಳಿಯುವವರೆಗೆ ಕುದಿಸುವವರೂ ಅವರೇ. ಯಾವುದನ್ನು ಬೇಯಿಸಬೇಕು, ಯಾವುದನ್ನು ಬೇಯಿಸಬಾರದು ಎನ್ನುವುದು ಸಣ್ಣ ಮಾತಲ್ಲ. ಚೀನಾದ ತು ಯೂಯೂ ಎಂಬ ವಿಜ್ಞಾನಿ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಒಂದು ಗಿಡದ ಸಾರವನ್ನು ಬಿಸಿಯಲ್ಲಿ ತೆಗೆದು ಮತ್ತೆ ಮತ್ತೆ ಸೋತರು. ಸುಮಾರು 1600 ವರ್ಷ ಹಿಂದಿನ ಒಂದು ಚೀನೀ ವೈದ್ಯಗ್ರಂಥದಲ್ಲಿ, ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಬರೆದಿತ್ತು. ಕುದಿಸಬೇಕೆಂದು ಬರೆದಿರಲಿಲ್ಲ. ಅದನ್ನು ಓದಿ ಕಡಿಮೆ ಶಾಖದಲ್ಲಿ ಸಾರ ತೆಗೆದಾಗ ಆರ್ಟಿಮಿಸಿನಿನ್ ಕೈಗೆ ಸಿಕ್ಕಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ನೊಬೆಲ್ಲಿಗೆ ದಾರಿ ತೋರಿದ ಮಾತು ಮದ್ದು ಮಾಡುವ ಬಗೆಯ ಒಂದು ಸಾಲು.

ನೆಲನೆಲ್ಲಿಯ ಕಥೆಗೆ ಇನ್ನೊಂದು ತುದಿಯಿದೆ, ಅದನ್ನು ಮುಚ್ಚಿಡಬಾರದು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಮ್‌ಬರ್ಗ್ ಅವರೇ ಮದ್ರಾಸಿನ ವಿಜ್ಞಾನಿಗಳ ಜೊತೆ ಈ ಗಿಡದ ಪರೀಕ್ಷೆಯಲ್ಲಿ ತೊಡಗಿದ್ದರು. 1988ರಲ್ಲಿ ಪ್ರಕಟವಾದ ಆ ಫಲಿತಾಂಶ ಬಹಳ ಭರವಸೆ ಕೊಟ್ಟಿತು. ಆಮೇಲೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ಸಿಗಲಿಲ್ಲ. ಕಾಮಾಲೆಯಲ್ಲಿ ಹಲವು ಬಗೆಯಿದೆ. ಕೊಳಕು ನೀರಿನಿಂದ ಬರುವ ಬಗೆ ಬಹುಪಾಲು ಪಥ್ಯ ಮತ್ತು ವಿಶ್ರಾಂತಿಯಿಂದಲೇ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಉಳಿದ ಬಗೆಗಳಲ್ಲಿ ಕಾಯುತ್ತ ಕುಳಿತರೆ ಯಕೃತ್ತು ಹೋಗುತ್ತದೆ. ಆದ್ದರಿಂದ ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಜನರ ಅರಿವಿನ ಮೇಲೆ ನನಗಿರುವ ಗೌರವ ಈ ಮಾತಿನಿಂದ ಕಡಿಮೆಯಾಗುವುದಿಲ್ಲ.

ಈಶ್ವರಿ ಬಳ್ಳಿಯ ಬಗ್ಗೆಯೂ ಇಷ್ಟೇ ನೇರವಾಗಿ ಹೇಳಬೇಕು. ಹಾವು ಕಚ್ಚಿದರೆ ಇದರ ಬೇರು ತೇಯ್ದು ಕುಡಿಸುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಈ ಬಳ್ಳಿಯಲ್ಲಿ ಅರಿಸ್ಟೊಲೊಕಿಕ್ ಆಮ್ಲವಿದೆ, ಅದು ಮೂತ್ರಪಿಂಡವನ್ನು ಹಾಳುಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಕೆಟ್ಟಿತು. ಮಾತ್ರೆಗೆ ಹಾಕಬೇಕಿದ್ದ ಒಂದು ಚೀನೀ ಗಿಡದ ಬದಲು ಇದೇ ಕುಲದ ಇನ್ನೊಂದು ಗಿಡ ಸೇರಿಹೋಗಿತ್ತು. ನೋಡಿ, ಮತ್ತೆ ಅದೇ ಕೊಡಸಿಗ ಬೆಪ್ಪಾಲೆಯ ಕಥೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕುಲದ ಗಿಡಗಳಿರುವ ಮದ್ದುಗಳು ಕ್ಯಾನ್ಸರ್ ತರುತ್ತವೆ ಎಂದು ಪಟ್ಟಿಗೆ ಸೇರಿಸಿತು. ಹಾವಿನ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷ ಬಿಟ್ಟರೆ ಬೇರೆ ಮದ್ದಿಲ್ಲ. ಅಜ್ಜಿಯ ಮನೆಯಲ್ಲೇ ಕೊನೆಯ ವರ್ಷಗಳಲ್ಲಿ ಹಾವು ಕಚ್ಚಿದವರನ್ನು ನೇರ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ತಮ್ಮ ಮದ್ದಿನ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಒಂದು ಚಿಕ್ಕ ಅಡ್ಡದಾರಿ ಹಿಡಿಯುತ್ತೇನೆ. ಈ ಈಶ್ವರಿ ಬಳ್ಳಿಯನ್ನು ತೋಟದ ಅಂಚಿನಿಂದ ಕಿತ್ತು ಎಸೆಯಬೇಡಿ. ನಮ್ಮ ರಾಜ್ಯದ ಚಿಟ್ಟೆ, ಕಪ್ಪು ಹಳದಿ ರೆಕ್ಕೆಯ ದೊಡ್ಡ ಬರ್ಡ್‌ವಿಂಗ್, ಮೊಟ್ಟೆಯಿಡುವುದು ಈ ಬಳ್ಳಿ ಮತ್ತು ಇದರ ನೆಂಟರ ಮೇಲೆ. ಹುಳು ಆ ವಿಷದೆಲೆಯನ್ನೇ ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ನಮಗೆ ಮೂತ್ರಪಿಂಡ ಕೆಡಿಸುವ ವಸ್ತು ಒಂದು ಚಿಟ್ಟೆಗೆ ರಕ್ಷೆ.

ಮಂಗನ ಕಾಯಿಲೆಯ ಬಗ್ಗೆ ಸಭೆಯಲ್ಲಿ ಒಬ್ಬರು ಚೀಟಿ ಕೊಟ್ಟಿದ್ದಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಜ್ವರ ಅದು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದವು. ಉಣುಗಿನಿಂದ ಹರಡುವ ಈ ಜ್ವರಕ್ಕೆ ಯಾವ ಬೇರೂ ಇಲ್ಲ, ಸೊಪ್ಪೂ ಇಲ್ಲ. ಇದೆ ಎಂದು ಹೇಳಿಕೊಂಡು ಬಂದವರನ್ನು ನಂಬಬೇಡಿ. ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಿ. ಬೇಸಗೆಯಲ್ಲಿ ತರಗೆಲೆ, ಸೌದೆ, ಸೀಗೆ, ಜೇನು ಎಂದು ಕಾಡಿಗೆ ಹೋಗಲೇಬೇಕಾದ ಬಡವರ ಮೈಮೇಲೇ ಈ ಉಣುಗು ಹೆಚ್ಚು ಹತ್ತುತ್ತದೆ ಎನ್ನುವುದು ನನ್ನನ್ನು ಬಹಳ ನೋಯಿಸುವ ವಿಷಯ.

ಬುಡಕಟ್ಟಿನ ಅರಿವು ಎಂದರೆ ಕದಲದೆ ನಿಂತ ಹಳೆಯ ಕಾಲದ್ದು ಎಂಬ ಕಲ್ಪನೆಯೂ ಸರಿಯಲ್ಲ. ಕಾಡಿನಲ್ಲಿ ಕತ್ತಿ ತಾಗಿದರೆ ಇವತ್ತು ಯಾರಾದರೂ ಥಟ್ಟನೆ ಕೈ ಹಾಕುವುದು ಯುಪಟೋರಿಯಂ ಸೊಪ್ಪಿಗೆ. ಹಿಂಡಿ ರಸ ಬಿಟ್ಟರೆ ರಕ್ತ ಕಟ್ಟುತ್ತದೆ. ಆದರೆ ಈ ಗಿಡ ನಮ್ಮದಲ್ಲ, ಅಮೆರಿಕ ಖಂಡದಿಂದ ಬಂದ ಕಳೆ. ಬಂದು ಬೇರೂರಿದ ಹೊಸ ಗಿಡವನ್ನು ನೋಡಿ, ಮೂಸಿ, ಗಾಯಕ್ಕೆ ಹಚ್ಚಿ, ಕೆಲಸಕ್ಕೆ ಬರುತ್ತದೆಂದು ತಿಳಿದು ತಮ್ಮದಾಗಿಸಿಕೊಂಡರಲ್ಲ, ಆ ಪರೀಕ್ಷಿಸುವ ಬುದ್ಧಿಯೇ ಅವರ ಪರಂಪರೆ.

ಸದಾಶಿವಪುರದ ಹಕ್ಕಿಪಿಕ್ಕಿಗಳನ್ನೇ ನೋಡಿ. ಹೆಸರೇ ಹೇಳುವಂತೆ ಹಕ್ಕಿ ಹಿಡಿದು ಬದುಕುತ್ತಿದ್ದ ಜನ, ಮನೆಯಲ್ಲಿ ಮಾತನಾಡುವುದು ವಾಗ್ರಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಕಾಡಿನ ಬಗ್ಗೆ ತಿಳಿದಿದ್ದನ್ನೇ ಎಣ್ಣೆ, ಗಿಡಮೂಲಿಕೆಯ ವ್ಯಾಪಾರಕ್ಕೆ ತಿರುಗಿಸಿಕೊಂಡು ಜಾತ್ರೆಯಿಂದ ಜಾತ್ರೆಗೆ, ಅಲ್ಲಿಂದ ಆಫ್ರಿಕಾದ ದೇಶಗಳವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಎದ್ದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರ ಸುದ್ದಿ ಓದಿದ್ದು ನೆನಪಿದೆಯಲ್ಲ, ಅವರು ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿಗಳು. ಬಹಳ ಜನರಿಗೆ ಅಂದೇ ಮೊದಲ ಬಾರಿಗೆ ಇಂಥದೊಂದು ಸಮುದಾಯ ಇದೆ ಎಂದು ತಿಳಿಯಿತು. ಅವರು ಮಾರುವ ಎಲ್ಲ ಎಣ್ಣೆಗೂ ನಾನು ಸಾಕ್ಷಿ ಹೇಳಲಾರೆ. ಆದರೆ ಕಾಡು ಮುಚ್ಚಿದ ಮೇಲೂ ಕೈಯಲ್ಲಿದ್ದ ಅರಿವನ್ನೇ ಬದುಕಾಗಿಸಿಕೊಂಡ ಆ ಛಲಕ್ಕೆ ತಲೆಬಾಗುತ್ತೇನೆ.

ಈಗ ಮಾರುಕಟ್ಟೆ. ದುರ್ವಾಸನೆ ಮರ ಎಂಬ ಮರ ನಮ್ಮ ಘಟ್ಟದಲ್ಲಿದೆ, ಹೂವಿನ ನಾತದಿಂದ ಆ ಹೆಸರು. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಎಂಬ ವಿಜ್ಞಾನಿಗಳು ಒಂದು ಚೀನೀ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುವ ವಸ್ತು ಅದು. 1972ರಲ್ಲಿ ನಮ್ಮ ದೇಶದ ರಸಾಯನ ವಿಜ್ಞಾನಿಗಳು ಅದೇ ವಸ್ತು ಈ ದುರ್ವಾಸನೆ ಮರದಲ್ಲೂ ಇದೆಯೆಂದು ತೋರಿಸಿದರು. ಅದರ ಆಧಾರದ ಮೇಲೆ ತಯಾರಾದ ಟೋಪೊಟೆಕಾನ್, ಇರಿನೊಟೆಕಾನ್ ಇಂದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಜೀವ ಉಳಿಸುತ್ತಿವೆ. ವಿಜ್ಞಾನದ ದೊಡ್ಡ ಗೆಲುವು, ಅದನ್ನು ಸಂತೋಷದಿಂದಲೇ ಹೇಳುತ್ತೇನೆ. ಆದರೆ ಘಟ್ಟದಲ್ಲಿ ಆದದ್ದೇನು? ಹೊರಗಿನಿಂದ ಬಂದವರು ಮರಗಳನ್ನು ಬೇರು ಸಮೇತ ಕಿತ್ತು, ಚೂರು ಮಾಡಿ ಲಾರಿಗೆ ತುಂಬಿದರು. ಕಿತ್ತುಕೊಟ್ಟ ಕೂಲಿಯವರಿಗೆ ದಿನದ ಸಂಬಳ ಸಿಕ್ಕಿತು. ಆ ಮರಕ್ಕೆ ಯಾರೂ ದಾರ ಕಟ್ಟಲಿಲ್ಲ.

ಉಪ್ಪಾಗೆಯೂ ಹಾಗೆ. ಹುಳಿಗೆ, ಒಡೆದ ಹಿಮ್ಮಡಿಗೆ ಹಚ್ಚುವ ತುಪ್ಪಕ್ಕೆ ಎಂದು ಮನೆಬಳಕೆಯಲ್ಲಿದ್ದ ಕಾಯಿಯ ಸಿಪ್ಪೆಗೆ 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಯ ಬೇಡಿಕೆ ಬಂತು. ಹಣ್ಣು ಬಿಡುವುದು ಮಳೆಗಾಲದಲ್ಲಿ. ಬಿಸಿಲಿಲ್ಲದೆ ಸಿಪ್ಪೆಯನ್ನು ಹೊಗೆಯ ಮೇಲೆ ಒಣಗಿಸಬೇಕು, ಅದಕ್ಕೆ ಸೌದೆ ಬೇಕು. ಕಾಯಿಗಾಗಿ ಕೊಂಬೆ ಕಡಿದರು, ಒಣಗಿಸಲು ಇನ್ನಷ್ಟು ಮರ ಕಡಿದರು. ಹಣ್ಣಾಗಿ ಬೀಳುವವರೆಗೆ ಕಾದರೆ ತನಗಿಂತ ಮೊದಲು ಇನ್ನೊಬ್ಬ ಬಂದು ಕೊಯ್ಯುತ್ತಾನೆ ಎಂಬ ಹೆದರಿಕೆ ಒಮ್ಮೆ ಹುಟ್ಟಿದರೆ ಯಾರ ಕಟ್ಟುಪಾಡೂ ನಿಲ್ಲುವುದಿಲ್ಲ. ಸಂಗ್ರಹಿಸುವ ಬಡವನನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಕಾಡು ತನ್ನದು ಎಂಬ ಭರವಸೆ ಅವನಿಗೆ ಇದ್ದಿದ್ದರೆ ಅವನೂ ಕಾಯುತ್ತಿದ್ದ.

ಈ ಭರವಸೆಯ ಮಾತು ಕಾನೂನಿಗೆ ಬಂದು ನಿಲ್ಲುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯನ್ನು ನಾವೆಲ್ಲ ಒತ್ತುವರಿ ಜಮೀನಿನ ಹಕ್ಕುಪತ್ರದ ಕಾಯಿದೆ ಎಂದಷ್ಟೇ ತಿಳಿದಿದ್ದೇವೆ. ಅದರ ಮೂರನೆಯ ಸೆಕ್ಷನ್ನಿನಲ್ಲಿ ಕಿರು ಅರಣ್ಯ ಉತ್ಪನ್ನಗಳ ಒಡೆತನದ ಹಕ್ಕಿದೆ, ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕೂ ಇದೆ. ಎಷ್ಟು ಗ್ರಾಮಸಭೆಗಳಲ್ಲಿ ಇದನ್ನು ಕೇಳಿದ್ದೀರಿ? 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಪಂಚಾಯಿತಿಯಲ್ಲಿ ಸಮಿತಿ ಇರಬೇಕು, ಜನರ ಅರಿವಿನ ದಾಖಲಾತಿ ಇರಬೇಕು, ಲಾಭದಲ್ಲಿ ಪಾಲು ಸಿಗಬೇಕು ಎಂದಿತು. 2023ರ ತಿದ್ದುಪಡಿ ಅಧಿಕೃತ ಗ್ರಂಥಗಳಲ್ಲಿ ಬರೆದಿಟ್ಟ ಜ್ಞಾನವನ್ನು ಬಳಸುವವರಿಗೆ ಈ ಪಾಲಿನಿಂದ ವಿನಾಯಿತಿ ಕೊಟ್ಟಿದೆ. ಕುಟಜ ಗ್ರಂಥಗಳಲ್ಲಿದೆ. ಹಾಗಾದರೆ ಸರಿಯಾದ ಕೊಡಸಿಗವನ್ನು ನಾಲಿಗೆಯಿಂದ ಗುರುತಿಸಿ ತಂದುಕೊಡುವವರ ಪಾಲು ಯಾವ ಗ್ರಂಥದಲ್ಲಿದೆ? ನನ್ನ ಮಟ್ಟಿಗೆ ಈ ತಿದ್ದುಪಡಿ ನ್ಯಾಯವಲ್ಲ.

ಪಾಲು ಕೊಡಲು ಆಗುವುದಿಲ್ಲ ಎಂದೇನೂ ಇಲ್ಲ. ಕೇರಳದ ಅಗಸ್ತ್ಯ ಬೆಟ್ಟದಲ್ಲಿ 1987ರಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಒಂದು ಪುಟ್ಟ ಹಣ್ಣು ತಿಂದುಕೊಂಡು ಆಯಾಸವಿಲ್ಲದೆ ನಡೆಯುತ್ತಿದ್ದರು. ಅದು ಆರೋಗ್ಯಪಚ್ಚ. ಅದರಿಂದ ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನದ ಸಂಸ್ಥೆ ಜೀವನಿ ಎಂಬ ಮದ್ದು ಮಾಡಿತು. 1995ರಲ್ಲಿ ಅದನ್ನು 10 ಲಕ್ಷ ರೂಪಾಯಿ ಶುಲ್ಕಕ್ಕೆ, ಮಾರಾಟದ ಮೇಲೆ ಶೇಕಡ 2ರ ರಾಯಧನಕ್ಕೆ ಒಂದು ಔಷಧ ಸಂಸ್ಥೆಗೆ ವಹಿಸಿ, ಬಂದದ್ದರಲ್ಲಿ ಅರ್ಧವನ್ನು ಕಾಣಿಗಳ ಟ್ರಸ್ಟಿಗೆ ಕೊಟ್ಟರು. ತೊಡಕುಗಳೂ ಬಂದವು. ಗಿಡವನ್ನು ಕಾಡಿನೊಳಗಿನಿಂದ ತರಲು ಅನುಮತಿಯೇ ಸಿಗದೆ ಕೆಲಸ ನಿಂತಿತು. ಆದರೂ ಒಂದು ಹೆಜ್ಜೆ ಇಟ್ಟರು. ಅದಕ್ಕಿಂತ ಬಹಳ ಹಿಂದೆ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಹೊರ್ತುಸ್ ಮಲಬಾರಿಕಸ್ ಎಂಬ ಗಿಡಗಳ ಗ್ರಂಥದಲ್ಲಿ ಮಲಬಾರಿನ ಈಳವ ವೈದ್ಯ ಇಟ್ಟಿ ಅಚ್ಯುದನ್ ಅವರ ಹೆಸರೂ ಹೇಳಿಕೆಯೂ ಇವೆ. ಆ ಗ್ರಂಥ ಮಾಡಿಸಿದ ಡಚ್ ಅಧಿಕಾರಿ 300ಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ ಇಷ್ಟನ್ನು ನಮ್ಮ ಎಷ್ಟೋ ಸಂಶೋಧನಾ ಲೇಖನಗಳು ಇಂದಿಗೂ ಮಾಡುವುದಿಲ್ಲ. 'ಸ್ಥಳೀಯ ಮಾಹಿತಿದಾರರು' ಎಂಬ ಒಂದು ಪದದಲ್ಲಿ ಇಡೀ ಕೇರಿ ಕರಗಿಹೋಗುತ್ತದೆ. ನಾನೂ ಹಾಗೆ ಬರೆದಿದ್ದೇನೆ. ಅದಕ್ಕಾಗಿ ಪಶ್ಚಾತ್ತಾಪ ಪಡುತ್ತೇನೆ.

ಅಜ್ಜಿಯಿಂದ ಕಲಿತದ್ದನ್ನು ನಾವು ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ಎರಡೇ ಪ್ರತಿ. ಒಂದು ನನ್ನಲ್ಲಿ, ಇನ್ನೊಂದು ಅವರ ಕೇರಿಯಲ್ಲಿ. ಹೊರಗೆ ಕೊಡುವ ಮೊದಲು ಅವರನ್ನು ಕೇಳಬೇಕೆಂಬುದು ಒಪ್ಪಂದ. ಬರೆದು ಮುಗಿದ ದಿನ ಕೇರಿಯವರನ್ನೆಲ್ಲ ಕೂರಿಸಿ ಮೊದಲಿನಿಂದ ಓದಿ ಹೇಳಿದೆ. ತಪ್ಪಿದ್ದಲ್ಲಿ ಹೆಂಗಸರು ತಿದ್ದಿದರು. ಬಾಣಂತಿಯ ಮದ್ದಿನ ಭಾಗದಲ್ಲಂತೂ ನನ್ನ ಬರಹದ ಅರ್ಧ ತಪ್ಪಾಗಿತ್ತು. 27ನೆಯ ಗಿಡಕ್ಕೆ ಬಂದಾಗ ಅಜ್ಜಿ ಕೈ ಎತ್ತಿದರು. "ಇದೊಂದನ್ನು ಅಳಿಸಿಬಿಡಿ. ದುರ್ವಾಸನೆ ಮರಕ್ಕಾದದ್ದು ಇದಕ್ಕೆ ಆಗಬಾರದು" ಎಂದರು. ಎರಡು ಪ್ರತಿಯಲ್ಲೂ ಅಳಿಸಿದೆ. ಸಂಖ್ಯೆ ಉಳಿಯಿತು, ಸಾಲು ಖಾಲಿಯಾಯಿತು. ಆ ಹೆಸರು ನನಗೆ ಗೊತ್ತಿದೆ, ಇಲ್ಲಿ ಹೇಳುವುದಿಲ್ಲ. ಆಮೇಲೆ ಯಾರೂ ಕೇಳಬೇಡಿ.

ಅಜ್ಜಿ ಈಗ ಇಲ್ಲ. ಅವರ ಮೊಮ್ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಾಳೆ. ಕಳೆದ ತಿಂಗಳು ಮನೆಗೆ ಬಂದವಳು ಆ ಪುಸ್ತಕ ತೆಗೆಸಿ ಪುಟ ತಿರುವಿದಳು. ಕೊಡಸಿಗದ ಪುಟದಲ್ಲಿ ನಾನು ಬರೆದಿದ್ದ ಕಹಿಯ ಮಾತು ಓದಿ ನಕ್ಕಳು. ಮುಂದೆ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, "ಇದು ಗುಡ್ಡದ ಆಚೆ ಈಗಲೂ ಇದೆ, ಮೇಷ್ಟರೇ. ಹೋದ ಭಾನುವಾರ ನೋಡಿ ಬಂದೆ" ಎಂದಳು.